ಕ್ಲಚ್‌ನಲ್ಲಿ ಏರ್ ಹಿಡಿದಿದೆ, ಪ್ಲೇಟ್ ಹೋಗಿಲ್ಲ

ಹಳೆ ಪಿಕಪ್ ಓಡಿಸೋರಿಗೆ ಈ ಲಕ್ಷಣ ಗೊತ್ತಿರುತ್ತೆ. ಕ್ಲಚ್ ಒತ್ತಿದರೆ ಪೆಡಲ್ ಸ್ಪಂಜಿನ ಹಾಗೆ ಮೆತ್ತಗೆ ಕೆಳಗೆ ಹೋಗುತ್ತೆ, ರಿವರ್ಸ್ ಹಾಕಲು ಹೋದರೆ ಗೇರ್‌ಬಾಕ್ಸ್ ಕರ್ರ್ ಅನ್ನುತ್ತೆ. ನಾಲ್ಕು ಸಲ ಪಂಪ್ ಮಾಡಿದರೆ ಹೇಗೋ ಗೇರ್ ಬೀಳುತ್ತೆ. "ಪ್ಲೇಟ್ ಹೋಗಿದೆ, ಗೇರ್‌ಬಾಕ್ಸ್ ಇಳಿಸ್ಬೇಕು" ಎಂದು ಯಾರಾದರೂ ಹೇಳಿದರೆ ಸ್ವಲ್ಪ ತಡೆಯಿರಿ. ಪ್ಲೇಟ್ ಸವೆದರೆ ಸಾಮಾನ್ಯವಾಗಿ ಎಂಜಿನ್ ಕೂಗುತ್ತೆ, ಗಾಡಿ ಎಳೆಯಲ್ಲ. ಅದು ಬೇರೆ ಕಾಯಿಲೆ.

ಹೈಡ್ರಾಲಿಕ್ ಕ್ಲಚ್‌ನಲ್ಲಿ ಪೆಡಲ್ ಹತ್ತಿರ ಮಾಸ್ಟರ್ ಸಿಲಿಂಡರ್, ಗೇರ್‌ಬಾಕ್ಸ್ ಹತ್ತಿರ ಸ್ಲೇವ್ ಸಿಲಿಂಡರ್, ನಡುವೆ ಆಯಿಲ್ ತುಂಬಿದ ಪೈಪ್. ಆಯಿಲ್ ಕುಗ್ಗಲ್ಲ, ಗಾಳಿ ಕುಗ್ಗುತ್ತೆ. ಒಳಗೆ ಗಾಳಿ ಸೇರಿದರೆ ನಿಮ್ಮ ಕಾಲಿನ ಒತ್ತಡವೆಲ್ಲ ಆ ಗುಳ್ಳೆ ಹಿಂಡೋದಕ್ಕೇ ಖರ್ಚು.

ಕೋಲಾರದ ಕಡೆ ನಮ್ಮ ಮಾವನ ಗಾಡಿಗೆ ಹೀಗಾದದ್ದು ಟೊಮೆಟೊ ಕಿತ್ತ ದಿನವೇ. 15 ಕೆ.ಜಿ.ಯ ಬಾಕ್ಸ್‌ಗಳು ಚಪ್ಪರದ ಕೆಳಗೆ ಸಾಲಾಗಿ ಕೂತಿದ್ದವು. ಬೆಳಿಗ್ಗೆ ಮಂಡಿಯಲ್ಲಿ ಹರಾಜು. ಹಣ್ಣು ಕಾಯಲ್ಲ.

"ಬಾಮ್ಮ, ಒಳಗೆ ಕೂತ್ಕೊ. ಹಿಡಿ ಅಂದ್ರೆ ಹಿಡಿ, ಬಿಡು ಅನ್ನೋವರೆಗೂ ಕಾಲು ತೆಗೀಬೇಡ" ಅಂದರು ಮಾವ.

ಕೆಲಸ ಇಷ್ಟೇ. ಡಬ್ಬಿ ತುಂಬಿಸಿ, ಸ್ಲೇವ್ ಸಿಲಿಂಡರ್‌ನ ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿ ಸ್ವಲ್ಪ ಆಯಿಲ್ ಇರುವ ಬಾಟಲಿಯೊಳಗೆ ಮುಳುಗಿಸಬೇಕು. ಒಳಗಿದ್ದವರು ಮೂರ್ನಾಲ್ಕು ಸಲ ಪೆಡಲ್ ಒತ್ತಿ ಕೆಳಗೇ ಹಿಡಿಯುತ್ತಾರೆ. ಕೆಳಗಿದ್ದವರು ನಿಪ್ಪಲ್ ಕಾಲು ಸುತ್ತು ಸಡಿಲಿಸುತ್ತಾರೆ, ಗುಳ್ಳೆ ಬುಳಬುಳ ಬರುತ್ತೆ. ನಿಪ್ಪಲ್ ಬಿಗಿದ ಮೇಲೇ ಪೆಡಲ್ ಬಿಡಬೇಕು, ಮುಂಚೆ ಬಿಟ್ಟರೆ ಗಾಳಿ ವಾಪಸ್ ಎಳೆದುಕೊಳ್ಳುತ್ತೆ. ಪೆಡಲ್ ಮೇಲೆ ಬರದೆ ಹೋದರೆ ಕೈಯಿಂದ ಎತ್ತಿ. ಡಬ್ಬಿ ಖಾಲಿಯಾಗಲು ಬಿಟ್ಟರೆ ಮತ್ತೆ ಮೊದಲಿಂದ. ನಮಗೆ ಹದಿನೈದು ಸಲವಾದರೂ ಆಯ್ತು, ಕಾಲು ನೋಯ್ತಿತ್ತು, ಆಮೇಲೆ ಪೆಡಲ್ ಗಟ್ಟಿಯಾಯ್ತು.

ಜೊತೆಗೆ ಯಾರೂ ಇಲ್ಲವೇ? ಡಬ್ಬಿ ಮುಚ್ಚಳ ಸಡಿಲಿಸಿ, ನಿಪ್ಪಲ್ ತೆರೆದು, ಆಯಿಲ್ ತಾನಾಗಿ ತೊಟ್ಟಿಕ್ಕಲು ಬಿಡಬಹುದು. ನಿಧಾನ, ಆದರೆ ಎಷ್ಟೋ ಗಾಡಿಗಳಲ್ಲಿ ನಡೆಯುತ್ತೆ. ತುಕ್ಕು ಹಿಡಿದ ನಿಪ್ಪಲ್ ಜೊತೆ ಮಾತ್ರ ಜಗಳ ಬೇಡ, ಮುರಿದರೆ ಸಿಲಿಂಡರೇ ಬದಲಿಸಬೇಕಾದೀತು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕಾಯಿರಿ.

ಆಯಿಲ್ ಅಂದರೆ ಬ್ರೇಕ್ ಆಯಿಲ್ಲೇ. ಮುಚ್ಚಳದ ಮೇಲೆ ಡಾಟ್ 3 ಅಂತಿದೆಯೋ ಡಾಟ್ 4 ಅಂತಿದೆಯೋ ನೋಡಿ ತನ್ನಿ. ಡಾಟ್ 5 ಸಿಲಿಕೋನ್‌ನದ್ದು, ಇವುಗಳ ಜೊತೆ ಬೆರೆಸಬಾರದು. ಎಂಜಿನ್ ಆಯಿಲ್ ಹಾಕಿದರಂತೂ ರಬ್ಬರ್ ಸೀಲ್ ಊದಿಕೊಂಡು ಹಾಳಾಗುತ್ತೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ, ಹಾಗಾಗಿ ವರ್ಷದಿಂದ ಶೆಡ್‌ನಲ್ಲಿರೋ ಅರ್ಧ ಬಾಟಲಿ ಬೇಡ. ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಸುರಿಯಿರಿ.

ಮುಚ್ಚಿದ ಪೈಪಿನೊಳಗೆ ಗಾಳಿ ಎಲ್ಲಿಂದ ಬಂತು ಅನ್ನೋದೇ ಅಸಲಿ ಪ್ರಶ್ನೆ. ಸ್ಲೇವ್ ಸಿಲಿಂಡರ್‌ನ ರಬ್ಬರ್ ಟೋಪಿ ಎಳೆದಾಗ ಒಳಗೆ ಒದ್ದೆ. ಸೀಲ್ ಹೋಗಿತ್ತು. ಮಾವ ನೋಡಿ ಸುಮ್ಮನಾದರು. ಕೆಲವು ಗಾಡಿಗಳಲ್ಲಿ ಕ್ಲಚ್‌ಗೂ ಬ್ರೇಕ್‌ಗೂ ಒಂದೇ ಡಬ್ಬಿ. ಅಂಥ ಗಾಡಿಯಾಗಿದ್ದರೆ ನಾನೇ ಕೀ ಕಿತ್ತಿಟ್ಟುಕೊಳ್ತಿದ್ದೆ. ಇದರಲ್ಲಿ ಬೇರೆ ಬೇರೆ. ಆಯಿಲ್ ಬಾಟಲಿ ಸೀಟಿನ ಪಕ್ಕ ಇಟ್ಟುಕೊಂಡು ರಾತ್ರಿಯೇ ಲೋಡ್ ಮಾಡಿ ಹೊರಟರು. ಮಂಡಿಯಿಂದ ಬರುವಾಗ ಸೀಲ್ ಕಿಟ್ ತಂದರು. ಮತ್ತೆ ಪೆಡಲ್ ಒತ್ತೋಕೆ ನಾನೇ.