ಕಾರಿಗೆ ವೈರ್‌ಲೆಸ್: ಎರಡು ವೈರು ಎಳೆದರೆ ಮುಗಿಯಿತೇ?

ಮಳೆಗಾಲ ಹಿಡಿಯಿತೆಂದರೆ ಮಲೆನಾಡಿನಲ್ಲಿ ಮೊದಲು ಹೋಗುವುದು ಕರೆಂಟು. ಅದರ ಹಿಂದೆಯೇ ಮೊಬೈಲ್ ಟವರು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದವು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದು ರಸ್ತೆ ಬಂದಾಯಿತು. ಅಂಥ ಹೊತ್ತಿನಲ್ಲಿ ಕೈಯಲ್ಲಿರುವ ಸಾವಿರಾರು ರೂಪಾಯಿಯ ಫೋನು ಬರೀ ಟಾರ್ಚು. ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆ ಓಡಾಡುವವರಿಗೆ ‘ಕಾರಲ್ಲೊಂದು ವೈರ್‌ಲೆಸ್ ಸೆಟ್ ಇದ್ದಿದ್ದರೆ’ ಅನ್ನಿಸಿದರೆ ಆಶ್ಚರ್ಯವಿಲ್ಲ.

ಆಸೆ ತಪ್ಪಲ್ಲ. 2004ರ ಡಿಸೆಂಬರ್ ಸುನಾಮಿಯಲ್ಲಿ ಅಂಡಮಾನಿನ ಸುದ್ದಿಯನ್ನು ಹೊರಗೆ ಮುಟ್ಟಿಸಿದವರಲ್ಲಿ ಆಗ ಪೋರ್ಟ್ ಬ್ಲೇರಿನಲ್ಲಿದ್ದ ಹವ್ಯಾಸಿ ರೇಡಿಯೊದವರೂ ಇದ್ದರು. ಎಡವಟ್ಟಾಗುವುದು ಸೆಟ್ ಕೂರಿಸುವಲ್ಲಿ. “ಎರಡೇ ವೈರು ಸಾರ್, ಅರ್ಧ ಗಂಟೆ ಕೆಲಸ” ಎನ್ನುವ ಗ್ಯಾರೇಜುಗಳಿಗೆ ಬರವಿಲ್ಲ. ಹಳೇ ಜೀಪಿನ ಕಾಲಕ್ಕೆ ಆ ಮಾತು ಸರಿ. ತಗಡು, ಬ್ಯಾಟರಿ, ಎಂಜಿನ್ನು ಬಿಟ್ಟರೆ ಅದರಲ್ಲಿ ಕೆಡಲು ಹೆಚ್ಚೇನೂ ಇರಲಿಲ್ಲ. ಈಗಿನ ಕಾರು ಹಾಗಲ್ಲ, ಚಕ್ರದ ಮೇಲೆ ಕೂತ ಕಂಪ್ಯೂಟರು.

ಮೊದಲು ಕಾಗದ ಪತ್ರ

ಸೆಟ್ಟಿಗಿಂತ ಮೊದಲು ಲೈಸೆನ್ಸು. ಹವ್ಯಾಸಿ ರೇಡಿಯೊ, ಅಂದರೆ ಹ್ಯಾಮ್ ಆಗಲು ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸಾಗಬೇಕು. 12 ವರ್ಷ ತುಂಬಿದವರು ಕೂರಬಹುದು. ಆದರೆ ಹ್ಯಾಮ್ ಲೈಸೆನ್ಸಿನಲ್ಲಿ ವ್ಯಾಪಾರದ ಮಾತು ಆಡುವ ಹಾಗಿಲ್ಲ. ‘ಲಾರಿ ಎಲ್ಲಿ ಬಂತು, ಕಾಫಿ ಲೋಡ್ ಆಯ್ತಾ’ ಎನ್ನಲು ಅದು ಸಲ್ಲದು. ಅದಕ್ಕೆ ಬೇರೆ ಲೈಸೆನ್ಸು ಬೇಕು.

27 ಮೆಗಾಹರ್ಟ್ಸ್ ಆಸುಪಾಸಿನ ಸಿಟಿಜನ್ ಬ್ಯಾಂಡಿಗೆ 2005ರಿಂದ ಲೈಸೆನ್ಸಿನ ವಿನಾಯಿತಿ ಇದೆಯಲ್ಲ ಎನ್ನುವವರುಂಟು. ಇದೆ, ನಿಜ. ಆದರೆ 5 ವಾಟ್ ಮೀರದ, ಆಂಟೆನಾ ಸೆಟ್ಟಿನಲ್ಲೇ ಕೂಡಿಕೊಂಡಿರುವ ಉಪಕರಣಕ್ಕೆ ಮಾತ್ರ. ಕಾರಿನ ಮೇಲೆ ಉದ್ದನೆ ಕೋಲು ನಿಲ್ಲಿಸಿದರೆ ಆ ವಿನಾಯಿತಿ ಕೈಬಿಟ್ಟಂತೆಯೇ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ವಾಕಿಟಾಕಿ ಕೊಳ್ಳುವವರೂ ನೆನಪಿಡಬೇಕು: ಕಾನೂನು ಮೀರಿ ಇವನ್ನು ಮಾರುತ್ತಿದ್ದ ತಾಣಗಳಿಗೆ 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ನೋಟಿಸು ಕೊಟ್ಟಿತು.

ಕರೆಂಟು ಎಲ್ಲಿಂದ?

ಕಾರಿಗೆ ಕೂರಿಸುವ 50 ವಾಟಿನ ಸೆಟ್ಟು ಮಾತಾಡುವಾಗ ಹತ್ತು ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಫೋನ್ ಚಾರ್ಜು ಮಾಡುವ ಸಾಕೆಟ್ಟಿಗೆ ಇದು ಮೀರಿದ ಹೊರೆ. ದಪ್ಪ ವೈರು ನೇರವಾಗಿ ಬ್ಯಾಟರಿಯಿಂದಲೇ ಬರಬೇಕು. ಫ್ಯೂಸು ಸೆಟ್ಟಿನ ಹತ್ತಿರವಲ್ಲ, ಬ್ಯಾಟರಿಯ ಪ್ಲಸ್ ಕೊನೆಯ ಪಕ್ಕದಲ್ಲೇ ಇರಬೇಕು. ಕಾರಣ ಸರಳ. ಎಂಜಿನ್ ಕೋಣೆಯ ತಗಡಿನ ತೂತಿನಲ್ಲಿ ವೈರು ಉಜ್ಜಿ ಸಿಪ್ಪೆ ಹರಿದರೆ ಬ್ಯಾಟರಿ ನೂರಾರು ಆಂಪಿಯರ್ ಕಾರುತ್ತದೆ. ಆಗ ಸೆಟ್ಟಿನ ಬಳಿಯ ಫ್ಯೂಸು ಇದ್ದೂ ಇಲ್ಲದ ಹಾಗೆ. ತೂತಿಗೆ ರಬ್ಬರ್ ಬುಷ್ ಹಾಕುವುದು ಎರಡು ನಿಮಿಷದ ಕೆಲಸ, ಹಾಕದಿದ್ದರೆ ಕಾರೇ ಸುಟ್ಟೀತು.

ಮೈನಸ್ ವೈರಿಗೂ ಈಗ ಶಾಸ್ತ್ರವಿದೆ. ಹಲವು ಹೊಸ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ಕೊನೆಗೆ ಕರೆಂಟಿನ ಲೆಕ್ಕ ಇಡುವ ಸೆನ್ಸರ್ ಇರುತ್ತದೆ. ಸೆಟ್ಟಿನ ಮೈನಸ್ ಅನ್ನು ನೇರ ಆ ಕೊನೆಗೇ ಬಿಗಿದರೆ ಲೆಕ್ಕ ತಪ್ಪುತ್ತದೆ. ಬ್ಯಾಟರಿಯ ಮೈನಸ್ ಕೇಬಲ್ ಬಾಡಿಗೆ ಸೇರುವ ಬೋಲ್ಟಿನ ಬಳಿ ಕೊಡುವುದೇ ಕ್ರಮ.

ಕೋಲಿಗೆ ಜಾಗ

ಹ್ಯಾಮ್‌ಗಳು ಕಾರಿನಲ್ಲಿ ಹೆಚ್ಚು ಬಳಸುವ 145 ಮೆಗಾಹರ್ಟ್ಸಿನ ಅಲೆ ಸುಮಾರು 2 ಮೀಟರ್ ಉದ್ದ. ಕಾಲು ಅಲೆ ಎಂದರೆ ಅರ್ಧ ಮೀಟರಿನ ಕೋಲು ಸಾಕು. ಆದರೆ ಕೋಲೊಂದೇ ಆಂಟೆನಾ ಅಲ್ಲ, ಅದರ ಕೆಳಗಿನ ತಗಡೂ ಅದರ ಅರ್ಧ ಭಾಗ. ಆದ್ದರಿಂದ ಚಾವಣಿಯ ನಡುಮಧ್ಯವೇ ಉತ್ತಮ ಜಾಗ.

ಈಗಿನ ಫ್ಯಾಶನ್ನು ಗಾಜಿನ ಚಾವಣಿ. ಗಾಜಿಗೆ ಅಯಸ್ಕಾಂತ ಅಂಟದು, ಅಲ್ಯೂಮಿನಿಯಂ, ಪ್ಲಾಸ್ಟಿಕ್ಕಿಗೂ ಅಂಟದು. ಡಿಕ್ಕಿ ಇಲ್ಲವೇ ಬಾನೆಟ್ಟಿನ ಅಂಚಿಗೆ ಕ್ಲಾಂಪ್ ಹಾಕಬಹುದು, ಆದರೆ ಅದು ಬಣ್ಣದ ಮೇಲಲ್ಲ, ಬಾಡಿಯ ಲೋಹಕ್ಕೇ ಕಚ್ಚಬೇಕು. ಕೂರಿಸಿದ ಮೇಲೆ ಎಸ್‌ಡಬ್ಲ್ಯುಆರ್ ಮೀಟರಿನಲ್ಲಿ ನೋಡಬೇಕು. 1.5ರೊಳಗಿದ್ದರೆ ಚೆನ್ನ. 2 ದಾಟಿದರೆ ಶಕ್ತಿ ಆಂಟೆನಾದಿಂದ ಹೊರಹೋಗದೆ ಸೆಟ್ಟಿಗೇ ತಿರುಗಿ ಬರುತ್ತಿದೆ ಎಂದರ್ಥ.

ಪ್ರಾಣಕ್ಕೆ ಬರುವುದು ಇಲ್ಲಿ

2019ರ ಜುಲೈನಿಂದ ಹೊಸ ಕಾರುಗಳಿಗೆಲ್ಲ ಚಾಲಕನ ಏರ್‌ಬ್ಯಾಗ್ ಕಡ್ಡಾಯ. ಪಕ್ಕದ ಪರದೆ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಅದು ಚಾವಣಿಯ ಅಂಚಿನಲ್ಲಿ ಅಡಗಿರುತ್ತದೆ. ಮುಂಗಾಜಿನ ಕಂಬದೊಳಕ್ಕೂ ಇಳಿದಿರಬಹುದು. ಆಂಟೆನಾ ಕೇಬಲ್ಲನ್ನು ಅಂದವಾಗಿ ಅಡಗಿಸುವ ನೆಪದಲ್ಲಿ ಅಲ್ಲೇ ತುರುಕಿದರೆ? ಡಿಕ್ಕಿ ಹೊಡೆದ ಗಳಿಗೆಯಲ್ಲಿ ಚೀಲ ಸರಿಯಾಗಿ ಬಿಚ್ಚಿಕೊಳ್ಳದು. ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಿದ ಸೆಟ್ಟಂತೂ ಉಬ್ಬುವ ಚೀಲದ ಏಟಿಗೆ ಪಕ್ಕದವರ ಮುಖಕ್ಕೆ ಸಿಡಿದೀತು. ಮುಖಭಾಗ ಬೇರೆಯಾಗಿ ಬರುವ ಸೆಟ್ಟುಗಳಿವೆ. ಪೆಟ್ಟಿಗೆ ಕೆಳಗೆ, ಮುಖ ಮಾತ್ರ ಗೇರಿನ ಪಕ್ಕ ಇಡುವುದು ಜಾಣತನ. ವಿದ್ಯುತ್ ಕಾರಿನಲ್ಲಿ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಕೈ ಹಿಂದಕ್ಕೆ. ಅದರಲ್ಲಿ ಓಡುವುದು ನೂರಾರು ವೋಲ್ಟು.

ಗೊರಗೊರ ಸದ್ದು

ಸೆಟ್ಟು ಹಾಕಿದರೆ ‘ಕುಯ್ಯ್’ ಎಂಬ ಕೂಗು ಎಂಜಿನ್ನಿನ ವೇಗದ ಜೊತೆ ಏರಿಳಿದರೆ ಅದು ಆಲ್ಟರ್ನೇಟರಿನದು. ಎಲ್‌ಇಡಿ ದೀಪ, ಅಗ್ಗದ ಫೋನ್ ಚಾರ್ಜರು, ಡ್ಯಾಶ್ ಕ್ಯಾಮೆರಾ ಕೂಡ ಗದ್ದಲ ಮಾಡುತ್ತವೆ. ಒಂದೊಂದಾಗಿ ಕಿತ್ತು ನೋಡಿದರೆ ಕಳ್ಳ ಸಿಗುತ್ತಾನೆ, ಆ ವೈರಿಗೆ ಫೆರೈಟ್ ಮಣಿ ಹಾಕಿದರೆ ಬಹುಮಟ್ಟಿಗೆ ಬಾಯಿ ಮುಚ್ಚುತ್ತಾನೆ.

ಇದರ ಉಲ್ಟಾ ಇನ್ನೂ ಮುಖ್ಯ. ಸೆಟ್ಟಿನ ಬಟನ್ ಒತ್ತಿದಾಗ ಕಾರಿನ ಎಚ್ಚರಿಕೆ ದೀಪಗಳು ಮಿನುಗಬಾರದು. ನಿಂತ ಕಾರಿನಲ್ಲಿ ಎಂಜಿನ್ ಚಾಲೂ ಮಾಡಿ, ಮೊದಲು ಕಡಿಮೆ ವಾಟಿನಲ್ಲಿ, ಆಮೇಲೆ ಪೂರ್ತಿ ವಾಟಿನಲ್ಲಿ ಪರೀಕ್ಷಿಸಬೇಕು. ಯಾವ ತರಂಗ, ಎಷ್ಟು ವಾಟ್, ಆಂಟೆನಾ ಎಲ್ಲಿ ಎಂಬುದನ್ನು ಕೆಲವು ಕಾರುಗಳ ಕೈಪಿಡಿಯಲ್ಲೇ ಬರೆದಿರುತ್ತಾರೆ. ಆ ಪುಸ್ತಕ ಸಾಮಾನ್ಯವಾಗಿ ಗ್ಲೋವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರು ಸಹಿತ ನಿದ್ದೆ ಮಾಡುತ್ತಿರುತ್ತದೆ!

ಎಲ್ಲ ಸರಿಯಾಯಿತೆಂದು ಘಾಟಿಯ ತಿರುವಿನಲ್ಲಿ ಮೈಕು ಹಿಡಿದು ಹರಟೆಗಿಳಿಯುವುದೂ ಬೇಡ. ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನ ಬಳಸುತ್ತ ಗಾಡಿ ಓಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ. ಗಾಡಿ ಬದಿಗೆ ಹಾಕಿ ಮಾತಾಡಿದರೆ ಗಂಟೇನೂ ಹೋಗದು.

ಗುಡ್ಡ ಕುಸಿದ ರಾತ್ರಿ ಸೆಟ್ಟಿನ ಬಟನ್ ಒತ್ತಿದರೆ ಆ ಕಡೆಯಿಂದ ಉತ್ತರ ಬರಬೇಕು. ಅದಕ್ಕೆ ಬಿಸಿಲಿರುವಾಗಲೇ ಲೈಸೆನ್ಸು ಪಡೆದು, ಸೆಟ್ಟು ಸರಿಯಾಗಿ ಕೂರಿಸಿ, ನಾಲ್ಕಾರು ಸಲ ಮಾತಾಡಿ ನೋಡಿರಬೇಕು. ಮಳೆ ಶುರುವಾದ ಮೇಲೆ ಕೊಡೆಯ ಅಂಗಡಿ ಹುಡುಕಿ ಏನು ಪ್ರಯೋಜನ?