ಗಾಳಿ ಬೀಸುವ ಮೊದಲೇ

ಕೆಲವು ವರ್ಷಗಳ ಹಿಂದೆ ಅಕ್ಟೋಬರ್ ಕೊನೆಯಲ್ಲಿ, ದಕ್ಷಿಣ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಒಂದು ಹಳ್ಳಿಯಲ್ಲಿ, ರಜೆಯ ಮೇಲೆ ತೆರಳಿದ್ದ ಅಲ್ಲಿನ ಗುರುಗಳ ಬದಲಿಗೆ ಸೇವೆ ಸಲ್ಲಿಸುವ ಅವಕಾಶ ನಮಗೊದಗಿತ್ತು. ಗುರುನಿವಾಸದ ಹಿಂದೆ ಪುಟ್ಟದೊಂದು ತೋಟ: ಎರಡು ಸೇಬಿನ ಮರಗಳು, ಬೇಲಿಯ ಅಂಚಿಗೆ ಒಂದು ಬೀಚ್, ಮೂಲೆಯಲ್ಲಿ ಹಳೆಯ ಓಕ್. ಒಂದು ಬೆಳಿಗ್ಗೆ ನೈಋತ್ಯದಿಂದ ಬೀಸಿದ ಬಿರುಗಾಳಿ ತೋಟವನ್ನೆಲ್ಲ ಅಲ್ಲಾಡಿಸಿತು. ಉಳಿದಿದ್ದ ಸೇಬುಗಳು ದಪದಪನೆ ಹುಲ್ಲಿನ ಮೇಲೆ ಉರುಳಿದವು. ತಾಮ್ರವರ್ಣದ ಎಲೆಗಳು ಹಿಂಡು ಹಿಂಡಾಗಿ ಹಾರಿದವು.

"ಗಾಳಿ ಎಷ್ಟು ನಿರ್ದಯವಾಗಿ ಎಲೆಗಳನ್ನು ಕಿತ್ತುಕೊಳ್ಳುತ್ತಿದೆ!" ಎಂದೆವು. ತೋಟ ನೋಡಿಕೊಳ್ಳುತ್ತಿದ್ದ ವೃದ್ಧರು ನಕ್ಕು, ರೆಂಬೆಯೊಂದನ್ನು ಬಾಗಿಸಿ ತೋರಿದರು. ಎಲೆ ಕಳಚಿದ ಜಾಗದಲ್ಲಿ ಗಾಯವಿರಲಿಲ್ಲ. ಒಣಗಿ ಮುಚ್ಚಿಕೊಂಡ ಸಣ್ಣ ಗುರುತಿತ್ತು. ಅದರ ಮೇಲೆಯೇ ಮುಂದಿನ ವಸಂತದ ಮೊಗ್ಗು ಕುಳಿತಿತ್ತು.

ಹಗಲು ಕುಗ್ಗಿ ಚಳಿ ಸಮೀಪಿಸುತ್ತಲೇ ಮರವು ಎಲೆಯಲ್ಲಿರುವ ಸಾರಜನಕವೇ ಮೊದಲಾದ ಸತ್ವವನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಹಸಿರು ಅಳಿದು, ಅದರಡಿ ಮರೆಯಾಗಿದ್ದ ಹಳದಿ ಕಾಣಿಸುತ್ತದೆ. ತೊಟ್ಟಿನ ಬುಡದಲ್ಲಿ ಕೋಶಗಳ ತೆಳುಪದರವೊಂದು ಸಡಿಲಗೊಂಡು ಎಲೆಯನ್ನು ಬಿಡುಗಡೆಗೆ ಅಣಿಗೊಳಿಸುತ್ತದೆ. ನಮ್ಮ ನಾಡಿನ ತೇಗ, ಮುತ್ತುಗಗಳೂ ಬೇಸಿಗೆಯ ನೀರಿನ ಬರಕ್ಕೆ ಮುನ್ನ ಹೀಗೆಯೇ ಎಲೆ ಕಳಚುತ್ತವೆ. ಗುರುಮಠದಲ್ಲಿ ಅರಿಸ್ಟಾಟಲನ ಕಾರಣಮೀಮಾಂಸೆಯನ್ನು ಓದಿದ್ದ ನಾವು ಅಂದು ಗಾಳಿಯನ್ನೇ ಸಕಲಕ್ಕೂ ಕಾರಣವೆಂದು ಭಾವಿಸಿದ್ದೆವು. ಅದು ಬರಿಯ ನಿಮಿತ್ತ. ನಿರ್ಧಾರ ಮರದ್ದೇ ಆಗಿತ್ತು.

ಬಿಡಲು ಕಾಲ ಕೂಡಿಬಾರದ ಮರಗಳ ಕಥೆಯನ್ನೂ ಆ ವೃದ್ಧರೇ ಹೇಳಿದರು. 1987ರ ಅಕ್ಟೋಬರ್ 15ರ ರಾತ್ರಿಯಿಂದ 16ರ ಬೆಳಗಿನವರೆಗೆ ಬೀಸಿದ ಚಂಡಮಾರುತಕ್ಕೆ ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ಸುಮಾರು ಒಂದೂವರೆ ಕೋಟಿ ಮರಗಳು ಉರುಳಿದವು. ಸೆವೆನೋಕ್ಸ್ ಪಟ್ಟಣದ ಹೆಸರಿಗೆ ಸಾಕ್ಷಿಯಾಗಿ ನೆಟ್ಟಿದ್ದ ಏಳು ಓಕ್‌ಗಳಲ್ಲಿ ಆರು ನೆಲಕಚ್ಚಿದವು. ಗಾಳಿಯ ವೇಗವಂತೂ ಅಸಾಧಾರಣವಾಗಿತ್ತು. ಜೊತೆಗೆ ಮಳೆಯಿಂದ ನೆಲ ನೆನೆದು ಮೆತ್ತಗಾಗಿತ್ತು. ಮರಗಳು ಇನ್ನೂ ಎಲೆದುಂಬಿಕೊಂಡಿದ್ದವು. ಹಾಯಿ ಬಿಚ್ಚಿದ ಹಡಗಿನಂತೆ ಅವು ಗಾಳಿಗೆ ಸಿಕ್ಕವು. ಎಲೆ ಉದುರಿಸಿದ ಮೇಲೆ ಅದೇ ಗಾಳಿ ಬಂದಿದ್ದರೆ ಎಷ್ಟೋ ಮರಗಳು ಉಳಿಯುತ್ತಿದ್ದವು.

ಮಾತನಾಡುತ್ತಲೇ ಅವರು ತರಗೆಲೆಗಳನ್ನು ಗುಡಿಸಿ ತಂತಿಬಲೆಯ ಆವರಣಕ್ಕೆ ತುಂಬುತ್ತಿದ್ದರು. ಅದು ಕೊಳೆತು ಒಳ್ಳೆಯ ಎಲೆಗೊಬ್ಬರವಾಗಲು ಎರಡು ವರ್ಷ ಬೇಕು. ಆದರೆ ಬರುವ ವಸಂತಕ್ಕೆ ಅವರು ಹಳ್ಳಿ ತೊರೆದು ದೂರದ ಊರಿನ ಮಗಳ ಮನೆ ಸೇರುವವರಿದ್ದರು. "ಹಾಗಾದರೆ ಈ ಗೊಬ್ಬರ ಯಾರಿಗೆ?" ಎಂದು ಕೇಳಿದೆವು. "ನಾನು ಬಂದಾಗ ಇಲ್ಲೊಂದು ರಾಶಿ ಸಿದ್ಧವಾಗಿತ್ತು, ಫಾದರ್. ನನಗಿಂತ ಮುಂಚಿನವರು ಮಾಡಿಟ್ಟಿದ್ದು," ಎಂದು ಅವರು ಪೊರಕೆಯನ್ನು ಮತ್ತೆ ಕೈಗೆತ್ತಿಕೊಂಡರು.

ನಮ್ಮ ಕುಟುಂಬಗಳಲ್ಲಿ ಬೀರುವಿನ ಕೀಲಿಕೈಯನ್ನು ಸೊಸೆಗೊಪ್ಪಿಸುವ, ತೋಟದ ಲೆಕ್ಕವನ್ನು ಮಗನಿಗೆ ಬಿಡುವ ಮಾತು ಬಂದಾಗ ಹಿರಿಯರ ಮುಖ ಬಾಡುವುದನ್ನು ಕಂಡಿದ್ದೇವೆ. ಕಳೆದುಕೊಳ್ಳುವುದು ಬೇರೆ, ಬಿಟ್ಟುಕೊಡುವುದು ಬೇರೆ ಎಂದು ಅವರಿಗೆ ಬೋಧಿಸಿಯೂ ಇದ್ದೇವೆ. ಆದರೆ ಈ ತಿಂಗಳು ನಮ್ಮದೇ ವರ್ಗಾವಣೆಯ ಪತ್ರ ಕೈಸೇರಿದಾಗ, ಏಳು ವರ್ಷಗಳ ನಂಟಿನ ಈ ಧರ್ಮಕೇಂದ್ರವನ್ನು ಬಿಡಲಾರದೆ, ಶಾಲೆಯ ಕಟ್ಟಡ ಮುಗಿದಿಲ್ಲ, ಲೆಕ್ಕಪತ್ರ ಬಾಕಿಯಿದೆ ಎಂದು ನೆಪಗಳನ್ನು ಹುಡುಕಿದೆವೆಂಬುದನ್ನು ಒಪ್ಪಿಕೊಳ್ಳಲೇಬೇಕು. ಮೂರು ದಿನಗಳ ತರುವಾಯ ಆ ತೋಟ ನೆನಪಾಯಿತು.

ಗುರುನಿವಾಸದ ಹಿಂದಿನ ಹಲಸಿನ ತರಗೆಲೆಗಳನ್ನು ಪ್ರತಿ ವರ್ಷ ಸುಡಿಸುತ್ತಿದ್ದೆವು. ಈ ಬಾರಿ ಗುಂಡಿ ತೆಗೆಸಿ ತುಂಬಿಸಿದ್ದೇವೆ. ಮುಂದೆ ಬರುವ ಗುರುಗಳಿಗೆ ತರಕಾರಿ ಬೆಳೆಸುವ ಆಸಕ್ತಿ ಇದೆಯೋ ಇಲ್ಲವೋ ಅರಿಯೆವು. ಗುಂಡಿ ಎಲ್ಲಿದೆಯೆಂದು ಮಾತ್ರ ಅವರಿಗೆ ತೋರಿಸಿ ಹೊರಡುತ್ತೇವೆ.