ಮಕ್ಕಳ ಮೈಗ್ರೇನ್: ನೋವನ್ನು ನಂಬೋಣ, ಚಿಕಿತ್ಸೆಯನ್ನು ಕ್ರಮವಾಗಿ ಅರಸೋಣ



ಮಕ್ಕಳು ತಲೆನೋವೆಂದು ಹೇಳಿದರೆ ಹಿರಿಯರಾದ ನಾವು ಸುಲಭವಾಗಿ ನಂಬುವುದಿಲ್ಲ. ಶಾಲೆ ತಪ್ಪಿಸುವ ನೆಪವೆಂದೋ, ಮೊಬೈಲ್ ನೋಡಿದ ಫಲವೆಂದೋ, ಬಿಸಿಲಿನ ಝಳವೆಂದೋ ಹೇಳಿ ಸುಮ್ಮನಾಗುತ್ತೇವೆ. ಗೋಕಾಕ ತಾಲ್ಲೂಕಿನ ಮಮದಾಪುರವಾಗಲಿ, ಮೂಡಲಗಿ, ಹುಕ್ಕೇರಿ ಭಾಗದ ಬೇರಾವ ಗ್ರಾಮವಾಗಲಿ, ಇಂತಹ ಮಗುವನ್ನು ಕಟ್ಟಿಕೊಂಡು ತಂದೆತಾಯಿಗಳು ಅಲೆಯುವ ದಾರಿ ಹೆಚ್ಚುಕಡಿಮೆ ಒಂದೇ. ಮೊದಲು ದೃಷ್ಟಿ ತೆಗೆಯುವುದು, ಆಮೇಲೆ ಔಷಧದಂಗಡಿಯ ಮಾತ್ರೆ, ಆಮೇಲೆ ಕನ್ನಡಕ, ಆಮೇಲೆ ಸೈನಸ್ಸಿನ ಸಂಶಯ, ಕೊನೆಗೆ ಸಾಲ ಮಾಡಿ ತೆಗೆಸಿದ ಸ್ಕ್ಯಾನ್. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ ಮಗುವಿಗೆ ಏನೂ ಇಲ್ಲವೆಂಬ ತೀರ್ಮಾನವಾಗುತ್ತದೆ. ನೋವು ಮಾತ್ರ ಹಾಗೆಯೇ ಉಳಿಯುತ್ತದೆ.

ಮೈಗ್ರೇನ್ ಸ್ಕ್ಯಾನಿನಲ್ಲಿ ಕಾಣುವ ಕಾಯಿಲೆಯಲ್ಲ. ಹಾಗೆಂದು ಅದು ಸುಳ್ಳೂ ಅಲ್ಲ. ಈ ಒಂದು ಮಾತನ್ನು ಮನೆಮಂದಿಯೆಲ್ಲ ಅರಿತರೆ ಚಿಕಿತ್ಸೆಯ ಅರ್ಧ ದಾರಿ ಸವೆದಂತೆ.

ನೋವಿನ ಸ್ವರೂಪ

ಹಿಂದಿನವರು ಅರೆತಲೆನೋವು ಎಂದು ಕರೆದದ್ದು ಇದನ್ನೇ. ಆದರೆ ಮಕ್ಕಳಲ್ಲಿ ಅದು ಅರ್ಧ ತಲೆಗಷ್ಟೇ ಸೀಮಿತವಾಗಿರಬೇಕೆಂದಿಲ್ಲ. ಹಣೆಯ ಎರಡೂ ಪಕ್ಕಗಳಲ್ಲಿ ಬಡಿದಂತೆ ನೋಯಬಹುದು. ಜೊತೆಗೆ ಓಕರಿಕೆ, ವಾಂತಿ, ಬೆಳಕು ಮತ್ತು ಸದ್ದನ್ನು ಸಹಿಸಲಾಗದ ಸ್ಥಿತಿ ಇರುತ್ತವೆ. ಆಡುತ್ತಿದ್ದ ಮಗು ಆಟ ಬಿಟ್ಟು ಕತ್ತಲ ಮೂಲೆಯನ್ನು ಹುಡುಕಿ ಮಲಗುವುದು ಮುಖ್ಯ ಲಕ್ಷಣ. ಮಕ್ಕಳಲ್ಲಿ ಈ ನೋವು 2 ಗಂಟೆಯಿಂದ 72 ಗಂಟೆಗಳವರೆಗೆ ಇರಬಹುದು. ತಿಂಗಳಲ್ಲಿ 15 ಅಥವಾ ಅದಕ್ಕಿಂತ ಹೆಚ್ಚು ದಿನ, 3 ತಿಂಗಳಿಗೂ ಮೀರಿ ತಲೆನೋವು ಮುಂದುವರಿದು, ಅವುಗಳಲ್ಲಿ ಕನಿಷ್ಠ 8 ದಿನ ಮೈಗ್ರೇನ್ ಲಕ್ಷಣಗಳಿದ್ದರೆ ವೈದ್ಯರು ಅದನ್ನು ದೀರ್ಘಕಾಲಿಕ ಮೈಗ್ರೇನ್ ಎನ್ನುತ್ತಾರೆ.

ಮುಖದ ಮತ್ತು ಮೆದುಳಿನ ಹೊದಿಕೆಯ ಸಂವೇದನೆಗಳನ್ನು ಒಯ್ಯುವ ಟ್ರೈಜೆಮಿನಲ್ ನರವು ಅತಿಯಾಗಿ ಕೆರಳುವುದು ಈ ನೋವಿನ ಮೂಲದಲ್ಲಿದೆ. ಬೇಗ ಕೆರಳುವ ಇಂತಹ ಮೆದುಳು ಬಹಳಷ್ಟು ವೇಳೆ ವಂಶವಾಹಿಯಾಗಿ ಬರುತ್ತದೆ. ಮಗುವಿನ ತಾಯಿಯನ್ನೋ ಅಜ್ಜಿಯನ್ನೋ ಕೇಳಿದರೆ, ತಲೆಗೆ ಬಟ್ಟೆ ಬಿಗಿದು ಮಲಗುತ್ತಿದ್ದ ದಿನಗಳ ನೆನಪು ಅನೇಕ ವೇಳೆ ಹೊರಬರುತ್ತದೆ.

ನಮ್ಮ ನಾಡಿನಲ್ಲಿ ಇದು ವಿರಳ ಕಾಯಿಲೆಯೇನಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ನಗರದಲ್ಲಿಯೂ ಸುತ್ತಲ ಗ್ರಾಮಗಳಲ್ಲಿಯೂ ಮನೆಮನೆಗೆ ಹೋಗಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 18ರಿಂದ 65 ವರ್ಷದವರ ಪೈಕಿ ಶೇ. 25ರಷ್ಟು ಜನರಿಗೆ ಹಿಂದಿನ ಒಂದು ವರ್ಷದೊಳಗೆ ಮೈಗ್ರೇನ್ ಬಾಧಿಸಿತ್ತೆಂದು ಕಂಡುಬಂದಿತು. ತಲೆನೋವು ಪಟ್ಟಣಕ್ಕಿಂತ ಹಳ್ಳಿಯಲ್ಲಿಯೇ ಹೆಚ್ಚಾಗಿತ್ತು. ಇದು ಪಟ್ಟಣದವರ ಬೇನೆಯೆಂಬ ಮಾತಿಗೆ ಆಧಾರವಿಲ್ಲ.

ತಡಮಾಡದೆ ಒಯ್ಯಬೇಕಾದ ಸಂದರ್ಭಗಳು

ಎಲ್ಲ ತಲೆನೋವೂ ಮೈಗ್ರೇನ್ ಅಲ್ಲ. ಸಿಡಿಲು ಬಡಿದಂತೆ ಒಮ್ಮೆಲೇ ಬಂದ ತೀವ್ರ ನೋವು, ಜ್ವರದೊಡನೆ ಕುತ್ತಿಗೆ ಬಿಗಿಯುವುದು, ಮೂರ್ಛೆ, ಕೈಕಾಲುಗಳ ನಿಶ್ಶಕ್ತಿ, ನಡಿಗೆಯಲ್ಲಿ ತೂರಾಟ, ಒಂದು ವಸ್ತು ಎರಡಾಗಿ ಕಾಣುವುದು, ತಲೆಗೆ ಪೆಟ್ಟು ಬಿದ್ದ ಬಳಿಕದ ನೋವು, ನಿದ್ದೆಯಿಂದ ಎಬ್ಬಿಸುವ ಅಥವಾ ಬೆಳಗಾಗುತ್ತಲೇ ವಾಂತಿ ತರುವ ನೋವು, ವಾರದಿಂದ ವಾರಕ್ಕೆ ಏರುತ್ತಲೇ ಹೋಗುವ ನೋವು: ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಒಯ್ಯಬೇಕು. ಐದಾರು ವರ್ಷದೊಳಗಿನ ಮಗುವಿಗೆ ಮತ್ತೆ ಮತ್ತೆ ತಲೆನೋವು ಬಂದರೂ ವೈದ್ಯರಿಗೆ ತೋರಿಸಲೇಬೇಕು. ಸ್ಕ್ಯಾನ್ ಅಗತ್ಯವಾಗುವುದು ಮುಖ್ಯವಾಗಿ ಇಂತಹ ಸಂದರ್ಭಗಳಲ್ಲಿ. ವೈದ್ಯರ ಪರೀಕ್ಷೆಯಲ್ಲಿ ಎಲ್ಲವೂ ಸರಿಯಿದ್ದು ಲಕ್ಷಣಗಳು ಮೈಗ್ರೇನಿಗೆ ಹೊಂದುತ್ತಿದ್ದರೆ ಸ್ಕ್ಯಾನಿಗಾಗಿ ಸಾಲ ಮಾಡುವ ಅಗತ್ಯವಿಲ್ಲ.

ಮಾತ್ರೆಯೇ ನೋವಾಗುವ ಬಗೆ

ದೀರ್ಘಕಾಲದ ತಲೆನೋವಿನಲ್ಲಿ ಹಲವರಿಗೆ ತಿಳಿಯದ ಸಂಗತಿಯೊಂದಿದೆ. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ, ಎರಡು ಮೂರು ಔಷಧ ಕೂಡಿಸಿದ ಮಾತ್ರೆಯನ್ನು 10 ದಿನ, ಹೀಗೆ ಮೂರು ತಿಂಗಳಿಗೂ ಮೀರಿ ನುಂಗುತ್ತ ಹೋದರೆ ಆ ಮಾತ್ರೆಯೇ ತಲೆನೋವನ್ನು ಹೆಚ್ಚಿಸತೊಡಗುತ್ತದೆ. ನೋವಿಗೆಂದು ಮಾತ್ರೆ, ಮಾತ್ರೆಯಿಂದ ಮತ್ತೆ ನೋವು. ಆದ್ದರಿಂದ ನೋವಿನ ಮಾತ್ರೆಯ ಬಳಕೆ ವಾರಕ್ಕೆ ಎರಡು, ಹೆಚ್ಚೆಂದರೆ ಮೂರು ದಿನವನ್ನು ಮೀರಬಾರದು. ಮೀರುವಂತಿದ್ದರೆ ಅದು ವೈದ್ಯರನ್ನು ಕಾಣಬೇಕೆಂಬ ಸೂಚನೆ.

ಕೊಡುವಾಗ ಮಾತ್ರ ಸರಿಯಾಗಿ ಕೊಡಬೇಕು. ಪ್ಯಾರಾಸಿಟಮಾಲ್ ಆಗಲಿ ಐಬುಪ್ರೊಫೆನ್ ಆಗಲಿ, ಮಗುವಿನ ತೂಕಕ್ಕೆ ತಕ್ಕಂತೆ ವೈದ್ಯರು ಬರೆದ ಪ್ರಮಾಣವನ್ನು ನೋವು ಆರಂಭವಾಗುತ್ತಲೇ ಕೊಟ್ಟರೆ ಫಲ ಹೆಚ್ಚು. ನೋವು ಏರಿದ ಮೇಲೆ ಅಂದಾಜಿನಲ್ಲಿ ಕೊಟ್ಟ ಅರ್ಧ ಮಾತ್ರೆಯಿಂದ ಪ್ರಯೋಜನ ಕಡಿಮೆ. ಆಸ್ಪಿರಿನ್ ಅನ್ನು ಮಕ್ಕಳಿಗೆ ಕೊಡಲೇಬಾರದು. ಅದರಿಂದ ಯಕೃತ್ತು ಮತ್ತು ಮೆದುಳಿಗೆ ಅಪಾಯವೊದಗುವ ಸಂಭವವಿದೆ. ಏನು ಬೆರೆಸಿದೆಯೆಂದು ತಿಳಿಯದ ಪುಡಿ, ಮೂಗಿಗೆ ಹಿಂಡುವ ರಸ, ಹಣೆಗೆ ಹಾಕುವ ಬರೆ, ಇವುಗಳಿಂದ ಎಳೆಯ ಜೀವಕ್ಕೆ ಹಿಂಸೆಯಲ್ಲದೆ ಬೇರೇನೂ ದೊರೆಯದು.

ತಡೆಯುವ ಚಿಕಿತ್ಸೆ

ನೋವು ಪದೇ ಪದೇ ಬಂದು ಶಾಲೆ ತಪ್ಪುತ್ತಿದ್ದರೆ, ಬರದಂತೆ ತಡೆಯಲು ದಿನವೂ ಕೊಡುವ ಔಷಧಗಳಿವೆ. ಫ್ಲೂನಾರಿಜಿನ್, ಪ್ರೊಪ್ರಾನೊಲಾಲ್, ಅಮಿಟ್ರಿಪ್ಟಿಲಿನ್, ಟೊಪಿರಮೇಟ್ ಅವುಗಳಲ್ಲಿ ಕೆಲವು. ದಮ್ಮು ಇರುವ ಮಗುವಿಗೆ ಪ್ರೊಪ್ರಾನೊಲಾಲ್ ಸಲ್ಲದು. ದೊಡ್ಡವಳಾಗುತ್ತಿರುವ ಹುಡುಗಿಗೆ ವಾಲ್ಪ್ರೊಯೇಟ್ ಸಲ್ಲದು. ಆದ್ದರಿಂದ ಒಬ್ಬರ ಚೀಟಿ ಇನ್ನೊಬ್ಬರ ಮಗುವಿಗೆ ಆಗದು. ಔಷಧದ ಫಲ ತಿಳಿಯಲು ಎರಡು ಮೂರು ತಿಂಗಳು ಬೇಕು. ಹದಿನೈದು ದಿನಕ್ಕೆ ಬೇಸತ್ತು ವೈದ್ಯರನ್ನು ಬದಲಿಸಿದರೆ ಪ್ರತಿ ಸಲವೂ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಅಮೆರಿಕದಲ್ಲಿ 8ರಿಂದ 17 ವರ್ಷದ ಮಕ್ಕಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಅಮಿಟ್ರಿಪ್ಟಿಲಿನ್, ಟೊಪಿರಮೇಟ್ ಮತ್ತು ಔಷಧವಿಲ್ಲದ ತೋರಿಕೆಯ ಮಾತ್ರೆಗಳನ್ನು ಹೋಲಿಸಲಾಯಿತು. ಮೂರೂ ಗುಂಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ನೋವಿನ ದಿನಗಳು ಅರ್ಧಕ್ಕೆ ಇಳಿದವು. ನಿಗಾ, ನಿಯಮಿತ ಭೇಟಿ, ಗುಣವಾಗುತ್ತದೆಂಬ ಭರವಸೆ, ಇವುಗಳಿಗೂ ಎಳೆಯರಲ್ಲಿ ಬಲವಿದೆಯೆಂದು ನಾವು ತಿಳಿಯಬೇಕು. 2013ರ ಇನ್ನೊಂದು ಅಧ್ಯಯನ ದೀರ್ಘಕಾಲಿಕ ಮೈಗ್ರೇನ್ ಇದ್ದ 135 ಮಕ್ಕಳದು. ಔಷಧದ ಜೊತೆಗೆ ಮನಸ್ಸನ್ನು ಸಡಿಲಿಸುವ, ನೋವನ್ನು ಎದುರಿಸುವ ತರಬೇತಿ ಪಡೆದವರಲ್ಲಿ ತಿಂಗಳಿಗೆ ಸುಮಾರು 11 ನೋವಿನ ದಿನಗಳು ಕಡಿಮೆಯಾದವು. ಔಷಧದೊಡನೆ ತಿಳಿವಳಿಕೆಯನ್ನಷ್ಟೇ ಪಡೆದವರಲ್ಲಿ ಸುಮಾರು 7. ಮಗುವನ್ನು ಮನಃಶಾಸ್ತ್ರಜ್ಞರ ಬಳಿಗೆ ಕಳುಹಿಸಿದರೆ ಹುಚ್ಚೆಂಬ ಅರ್ಥವಲ್ಲ. ಅದೂ ನೋವಿನ ಚಿಕಿತ್ಸೆಯೇ.

ದಿನಚರಿ, ವ್ರತ ಮತ್ತು ಜಾಗರಣೆ

ಮೈಗ್ರೇನ್ ಇರುವ ಮೆದುಳಿಗೆ ಏರುಪೇರು ಸಲ್ಲದು. ಹೊತ್ತಿಗೆ ಊಟ, ಹೊತ್ತಿಗೆ ನಿದ್ದೆ, ಸಾಕಷ್ಟು ನೀರು, ದಿನವೂ ಆಟ: ಇವೇ ಮೂಲ ಚಿಕಿತ್ಸೆ. ಬೆಳಿಗ್ಗೆ ಬರೀ ಚಹಾ ಕುಡಿಸಿ ಮಗುವನ್ನು ಶಾಲೆಗೆ ಕಳುಹಿಸುವ ರೂಢಿ ನಿಲ್ಲಬೇಕು. ರೊಟ್ಟಿ ಪಲ್ಯವನ್ನೋ ಉಪ್ಪಿಟ್ಟನ್ನೋ ತಿನ್ನಿಸಿ, ನೀರಿನ ಬಾಟಲಿ ಕೊಟ್ಟು ಕಳುಹಿಸಬೇಕು. 6ರಿಂದ 12 ವರ್ಷದ ಮಕ್ಕಳಿಗೆ ರಾತ್ರಿ 9 ಗಂಟೆಗಿಂತ ಕಡಿಮೆ ನಿದ್ದೆ ಸಾಲದು.

ಶ್ರಾವಣ ಸೋಮವಾರದ ಉಪವಾಸ, ಶಿವರಾತ್ರಿಯ ಜಾಗರಣೆ, ಜಾತ್ರೆಯ ಧ್ವನಿವರ್ಧಕದ ಮುಂದಿನ ರಾತ್ರಿ, ಇವೆಲ್ಲ ಇಂತಹ ಮಗುವಿನಲ್ಲಿ ನೋವನ್ನು ಎಬ್ಬಿಸಬಲ್ಲವು. ಕಾಯಿಲೆಯ ಮಗುವನ್ನು ಉಪವಾಸ ಕೆಡವುವುದು ಭಕ್ತಿಯ ಲಕ್ಷಣವಲ್ಲ. ಅದು ಹೊತ್ತಿಗೆ ಪ್ರಸಾದ ಸ್ವೀಕರಿಸಿ, ಹೊತ್ತಿಗೆ ಮಲಗಲಿ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರಿಗೆ ವೈದ್ಯವೃತ್ತಿಯೇ ಕಾಯಕವಾಗಿತ್ತು. ವೈದ್ಯರ ಮಾತನ್ನು ಕೇಳುವುದು ಶರಣ ಪರಂಪರೆಗೆ ಹೊರತಾದುದೇನಲ್ಲ.

ಎಲ್ಲಿಗೆ ಹೋಗಬೇಕು

ಹೊರಡುವ ಮೊದಲು ಒಂದು ನೋಟುಪುಸ್ತಕ ಇಡಿರಿ. ನೋವು ಬಂದ ದಿನಾಂಕ, ಹೊತ್ತು, ಎಷ್ಟು ಗಂಟೆ ಇತ್ತು, ವಾಂತಿಯಾಯಿತೇ, ಹಿಂದಿನ ರಾತ್ರಿಯ ನಿದ್ದೆ, ತಪ್ಪಿದ ಊಟ, ಕೊಟ್ಟ ಮಾತ್ರೆ, ತಪ್ಪಿದ ಶಾಲೆ, ಇಷ್ಟನ್ನು ಬರೆಯಿರಿ. ಒಂದು ತಿಂಗಳ ಈ ಬರಹ ವೈದ್ಯರಿಗೆ ಸ್ಕ್ಯಾನಿಗಿಂತ ಹೆಚ್ಚು ಹೇಳುತ್ತದೆ.

ಮೊದಲ ಮೆಟ್ಟಿಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಗೋಕಾಕದ ಮಕ್ಕಳ ವೈದ್ಯರು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಅವರಿಗೂ ತಿಳಿಸಬಹುದು. ಎರಡನೆಯ ಮೆಟ್ಟಿಲು ಬೆಳಗಾವಿ. ಅಲ್ಲಿ ಸರ್ಕಾರದ ಬಿಮ್ಸ್ ಆಸ್ಪತ್ರೆಯೂ ಕೆಎಲ್ಇ ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆಯೂ ಇವೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಕೂಡಿ 2022ರಲ್ಲಿ ಆರಂಭಿಸಿದ ಮೆದುಳಿನ ಆರೋಗ್ಯ ಯೋಜನೆಯು ತಲೆನೋವನ್ನೂ ತನ್ನ ಕಾರ್ಯದಲ್ಲಿ ಸೇರಿಸಿಕೊಂಡಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ ಯಾವ ದಿನವೆಂದು ವಿಚಾರಿಸಿಕೊಂಡು ಹೋಗಿರಿ. ಮೂರನೆಯ ಮೆಟ್ಟಿಲು ಧಾರವಾಡದ ಡಿಮ್ಹಾನ್ಸ್ ಹಾಗೂ ಬೆಂಗಳೂರಿನ ನಿಮ್ಹಾನ್ಸ್. ಎಲ್ಲಿಗೆ ಹೋದರೂ ನೋಟುಪುಸ್ತಕ, ಹಳೆಯ ಚೀಟಿಗಳು ಮತ್ತು ಪಡಿತರ ಚೀಟಿ ಜೊತೆಗಿರಲಿ.

ಶಾಲೆಯ ಗುರುಗಳಲ್ಲಿಯೂ ಪ್ರಸಾದ ನಿಲಯಗಳ ಮೇಲ್ವಿಚಾರಕರಲ್ಲಿಯೂ ನಮ್ಮದೊಂದು ವಿನಂತಿ. ತಲೆ ಹಿಡಿದು ಕುಳಿತ ಮಗುವನ್ನು ಗದರಿಸಬೇಡಿರಿ. ನೀರು ಕೊಟ್ಟು, ವೈದ್ಯರು ಬರೆದ ಮಾತ್ರೆ ಕೊಟ್ಟು, ಕತ್ತಲ ಕೋಣೆಯಲ್ಲಿ ಒಂದು ಗಂಟೆ ಮಲಗಿಸಿರಿ. ಎದ್ದ ಮೇಲೆ ಮತ್ತೆ ತರಗತಿಗೆ ಕಳುಹಿಸಿರಿ. ನೋವಿನ ಮಗುವನ್ನು ಶಾಲೆ ಬಿಡಿಸುವುದು ಪರಿಹಾರವಲ್ಲ. ನೋವಿದ್ದೂ ಶಾಲೆಯಲ್ಲಿ ಉಳಿಯುವಂತೆ ಅದಕ್ಕೆ ಆಸರೆಯಾಗುವುದು ನಮ್ಮೆಲ್ಲರ ಕರ್ತವ್ಯ.